ಹಳೆ ಲ್ಯಾಪ್‌ಟಾಪ್ ಕೈಕೊಡ್ತಿದೆ: ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ಆನ್ ಮಾಡಿ, ಮುಖ ತೊಳೆದು ಬಂದರೂ ಪರದೆ ಮೇಲೆ ಇನ್ನೂ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಚಾರ್ಜರ್ ತೆಗೆದ ಕೂಡಲೇ ಆಫ್. ಮುಚ್ಚಳ ಎತ್ತುವಾಗ ಮೂಲೆಯಲ್ಲಿ ಕಟಕ್ ಅಂತ ಸದ್ದು. ಇಂಥ ಹೊತ್ತಲ್ಲಿ ಯಾರನ್ನು ಕೇಳಿದರೂ ಎರಡೇ ಉತ್ತರ ಸಿಗುತ್ತವೆ. "ಅದಕ್ಕೆ ಇನ್ನೂ ದುಡ್ಡು ಸುರಿಯಬೇಡ, ಹೊಸದು ತಗೋ" ಅಂತ ಒಬ್ಬರು. "ಇನ್ನೊಂದು ವರ್ಷ ಹೇಗೋ ತಳ್ಳು" ಅಂತ ಇನ್ನೊಬ್ಬರು. ಇಬ್ಬರೂ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಅದರಲ್ಲಿ ಕೆಟ್ಟಿರೋದು ಏನು?

ಐದು ವರ್ಷ ದಾಟಿತು ಅಂದರೆ ಬದಲಾಯಿಸಬೇಕು ಅನ್ನುವ ಲೆಕ್ಕ ತುಂಬ ಜನರ ತಲೆಯಲ್ಲಿ ಕೂತಿದೆ. ಆದರೆ ಲ್ಯಾಪ್‌ಟಾಪ್ ಅನ್ನೋದು ಒಂದೇ ವಸ್ತು ಅಲ್ಲ. ಬ್ಯಾಟರಿ, ಡಿಸ್ಕ್, ರ‍್ಯಾಮ್, ಫ್ಯಾನ್, ಪ್ಯಾನೆಲ್ (ಪರದೆ), ಕೀಬೋರ್ಡ್, ಹಿಂಜ್ (ಮುಚ್ಚಳದ ತಿರುಗಣಿ), ಮದರ್‌ಬೋರ್ಡ್ (ಎಲ್ಲವನ್ನೂ ಜೋಡಿಸುವ ಮುಖ್ಯ ಬೋರ್ಡ್) ಎಲ್ಲ ಒಂದೇ ಡಬ್ಬಿಯೊಳಗೆ ಇದ್ದರೂ ಒಂದೊಂದೂ ತನ್ನದೇ ವೇಗದಲ್ಲಿ ಸವೆಯುತ್ತದೆ. ಬ್ಯಾಟರಿ ಮೂರು ವರ್ಷಕ್ಕೇ ಸೋತುಹೋಗಬಹುದು, ಅದೇ ಯಂತ್ರದ ಪ್ರೊಸೆಸರ್ ಹತ್ತು ವರ್ಷ ಆದರೂ ಮೊದಲ ದಿನದ ಹಾಗೇ ಲೆಕ್ಕ ಮಾಡುತ್ತಿರಬಹುದು. ಹಾಗಾಗಿ ನಾನು ವಯಸ್ಸನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಯಾವ ಭಾಗ ಹೋಗಿದೆ, ಅದನ್ನು ಬಿಚ್ಚಿ ಬೇರೆ ಹಾಕಲು ಆಗುತ್ತದಾ, ಹಾಕಿದರೆ ಇನ್ನೆಷ್ಟು ವರ್ಷ ಸಿಗುತ್ತದೆ ಅನ್ನುವುದನ್ನು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಹಳೆ ಲ್ಯಾಪ್‌ಟಾಪ್ ಒಂದು ದಿನ ಆನ್ ಆಗಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಲೈಟ್ ಬರುತ್ತಿತ್ತು, ಪರದೆ ಮಾತ್ರ ಕಪ್ಪು. ತೋರಿಸಿದ ಕಡೆ ಸರಿಯಾಗಿ ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ವಾಪಸ್ ತಂದು ಒಬ್ಬ ಗೆಳೆಯನ ಮುಂದೆ ಇಟ್ಟೆ. ಅವನು ಬ್ಯಾಟರಿ ಕೇಬಲ್ ತೆಗೆದ, ರ‍್ಯಾಮ್ ಕಡ್ಡಿಯನ್ನು ಹೊರಗೆ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸಿದ. ಆನ್ ಆಯಿತು. ಆಮೇಲೆ ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದೆ. ರೋಗ ಏನು ಅಂತ ಗೊತ್ತಾಗುವ ಮುಂಚೆ ತೀರ್ಮಾನ ಮಾಡಬಾರದು ಅಂತ ನನಗೆ ಗಟ್ಟಿಯಾಗಿದ್ದು ಅವತ್ತೇ.

ಎಲ್ಲಕ್ಕಿಂತ ಮೊದಲು ಡೇಟಾ

ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿದ್ದರೆ, ಈ ಲೇಖನ ಮುಂದೆ ಓದುವ ಮೊದಲು ಮುಖ್ಯವಾದ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೋ ಕ್ಲೌಡ್‌ಗೋ ಕಾಪಿ ಮಾಡಿಕೊಳ್ಳಿ. ನಿಜವಾಗಿ ಹೇಳ್ತಿದ್ದೇನೆ. ಹಾಳಾಗುತ್ತಿರುವ ಡಿಸ್ಕ್ ಇವತ್ತು ಓದಿಸಿಕೊಳ್ಳುತ್ತದೆ, ನಾಳೆ ಓದಿಸಿಕೊಳ್ಳದೇ ಇರಬಹುದು. ಲ್ಯಾಪ್‌ಟಾಪ್‌ಗೆ ಬದಲಿ ಸಿಗುತ್ತದೆ, ಫೋಟೋಗಳಿಗೆ ಸಿಗುವುದಿಲ್ಲ.

ವಿಂಡೋಸ್ ಬಳಸುವವರು ಇನ್ನೊಂದು ಕೆಲಸ ಮಾಡಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತೇ ಇಲ್ಲದ ಹಾಗೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಗೂಢಲಿಪೀಕರಣ ಆನ್ ಆಗಿರುತ್ತದೆ. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯೋಸ್ (ಯಂತ್ರವನ್ನು ಶುರು ಮಾಡುವ ಒಳ ತಂತ್ರಾಂಶ) ಅಪ್‌ಡೇಟ್ ಆದರೂ ಸಾಕು, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ರಿಪೇರಿಗೆ ಕೊಡುವ ಮೊದಲೇ ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಯಂತ್ರ ಸರಿಯಾಗಿ ಬಂದರೂ ಒಳಗಿನ ಫೈಲ್‌ಗಳು ಬೀಗ ಹಾಕಿದ ಹಾಗೇ ಉಳಿಯುತ್ತವೆ.

ರೋಗ ಪತ್ತೆ ಮನೆಯಲ್ಲೇ

ಅರ್ಧಕ್ಕರ್ಧ ಪತ್ತೆ ಕೆಲಸಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ.

ಸ್ಲೋ ಆಗಿದೆ, ಪದೇ ಪದೇ ಹ್ಯಾಂಗ್ ಆಗುತ್ತದೆ ಅಂದರೆ ಮೊದಲ ಅನುಮಾನ ಸಾಫ್ಟ್‌ವೇರ್ ಮೇಲೆ. ಅದು ಹೌದೋ ಅಲ್ಲವೋ ಅಂತ ತಿಳಿಯಲು ಒಂದು ಒಳ್ಳೆ ಉಪಾಯ ಇದೆ. ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಥರದ ಯಾವುದಾದರೂ ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ) ಹಾಕಿ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ನಿಮ್ಮ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಅದರಲ್ಲಿ ಒಂದೆರಡು ಗಂಟೆ ಎಲ್ಲ ಸರಿಯಾಗಿ ನಡೆದರೆ ಬೋರ್ಡ್, ರ‍್ಯಾಮ್, ಪರದೆ ಬಹುಮಟ್ಟಿಗೆ ಚೆನ್ನಾಗಿವೆ, ತೊಂದರೆ ವಿಂಡೋಸ್‌ನಲ್ಲೋ ಡಿಸ್ಕ್‌ನಲ್ಲೋ ಇದೆ ಅಂತ ಅರ್ಥ. ಅಲ್ಲಿಯೂ ಅದೇ ಹ್ಯಾಂಗ್, ಅದೇ ರೀಸ್ಟಾರ್ಟ್ ಆದರೆ ಹಾರ್ಡ್‌ವೇರ್ ಕಡೆ ನೋಡಬೇಕು. ಆಗ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ರ‍್ಯಾಮ್ ಸುಳ್ಳು ಹೇಳುತ್ತಿದ್ದರೆ ಸಾಮಾನ್ಯವಾಗಿ ಅದು ಹಿಡಿಯುತ್ತದೆ.

ಪರದೆಯಲ್ಲಿ ಗೆರೆ, ಮಿನುಗು, ಕತ್ತಲೆ ಕಂಡರೆ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೋ ಬೇರೆ ಮಾನಿಟರ್‌ಗೋ ಜೋಡಿಸಿ. ಅಲ್ಲಿ ಚಿತ್ರ ಶುದ್ಧವಾಗಿ ಬಂದರೆ ನೆಮ್ಮದಿ, ಹೋಗಿರುವುದು ಪ್ಯಾನೆಲ್ ಅಥವಾ ಅದಕ್ಕೆ ಹೋಗುವ ಕೇಬಲ್. ಅಲ್ಲಿಯೂ ಅದೇ ಗೆರೆಗಳಿದ್ದರೆ ಗ್ರಾಫಿಕ್ಸ್ ಚಿಪ್ ಮೇಲೆ ಅನುಮಾನ ಬರುತ್ತದೆ, ಅದು ಬೋರ್ಡಿನ ಖರ್ಚು. ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿದಾಗ ಮಾತ್ರ ಮಿನುಗುತ್ತದಾ? ಹಾಗಾದರೆ ಹಿಂಜ್ ಮೂಲಕ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಸವೆದಿರುವ ಸಾಧ್ಯತೆಯೇ ಜಾಸ್ತಿ. ಅದು ಸಣ್ಣ ಖರ್ಚಿನ ಭಾಗ. ಪೂರ್ತಿ ಕಪ್ಪಾಗಿದ್ದರೆ ಕತ್ತಲೆಯಲ್ಲಿ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಬದುಕಿದೆ, ಹಿಂದಿನ ಬೆಳಕು ಮಾತ್ರ ಆರಿದೆ.

ಆನ್ ಆಗುವುದೇ ಇಲ್ಲ ಅಂದರೂ ಕೂಡಲೇ ಕೈ ಚೆಲ್ಲಬೇಡಿ. ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಬರೀ ಚಾರ್ಜರ್‌ನಿಂದ ಆನ್ ಮಾಡಿ ನೋಡಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗಿ ಎಷ್ಟೋ ಸಲ ಯಂತ್ರ ಎದ್ದು ಕೂರುತ್ತದೆ. ಚಾರ್ಜರ್ ಅನ್ನೂ ಅನುಮಾನಿಸಿ. ಅಷ್ಟೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚಿನ ವಾಟ್ ಇರುವ ಇನ್ನೊಂದು ಚಾರ್ಜರ್ ಸಿಕ್ಕರೆ ಹಾಕಿ ನೋಡಿ. ಚಾರ್ಜರ್ ಸತ್ತಿದ್ದಕ್ಕೆ ಲ್ಯಾಪ್‌ಟಾಪ್ ಬದಲಾಯಿಸಿದವರು ಇದ್ದಾರೆ, ನಂಬಿ.

ಕಣ್ಣು ಮುಚ್ಚಿ ಮಾಡಿಸಬಹುದಾದ ರಿಪೇರಿಗಳು

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಇಡೀ ಲೇಖನದಲ್ಲಿ ನಿಮಗೆ ಬೇಕಾದ ಸಾಲು ಇದೇ: ಅದನ್ನು ತೆಗೆದು ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಫೈಲ್ ಇಡುವ ಡಿಸ್ಕ್) ಹಾಕಿಸಿ. ಇದಕ್ಕಿಂತ ದೊಡ್ಡ ಬದಲಾವಣೆ ತರುವ ರಿಪೇರಿ ನಾನು ಕಂಡಿಲ್ಲ. ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಒಂದು ಸಣ್ಣ ಫೈಲ್ ಹುಡುಕಬೇಕಾದರೂ ಅದರ ಮುಳ್ಳು ಸರಿಯಾದ ಜಾಗಕ್ಕೆ ಹೋಗಿ, ತಟ್ಟೆ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರುವವರೆಗೆ ಕಾಯಬೇಕು. ಒಂದೊಂದು ಹುಡುಕಾಟಕ್ಕೂ ಹತ್ತು ಮಿಲಿಸೆಕೆಂಡ್‌ಗಿಂತ ಜಾಸ್ತಿ. ಕೇಳಲು ಚಿಕ್ಕದು, ಆದರೆ ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಹುಡುಕಾಟ ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದೇ ಕೆಲಸ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲಿ ಮುಗಿಯುತ್ತದೆ. "ಪ್ರೊಸೆಸರ್ ಹಳೆಯದಾಯಿತು, ಅದಕ್ಕೇ ಸ್ಲೋ" ಅಂತ ನಾವು ಅಂದುಕೊಂಡ ಎಷ್ಟೋ ಯಂತ್ರಗಳಲ್ಲಿ ಪ್ರೊಸೆಸರ್ ಸುಮ್ನೆ ಕೂತು ಡಿಸ್ಕ್‌ಗಾಗಿ ಕಾಯುತ್ತಿರುತ್ತದೆ ಅಷ್ಟೇ.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಯಂತ್ರ ಒದ್ದಾಡುವ ಹೊತ್ತಲ್ಲಿ ಡಿಸ್ಕ್ 100 ಪ್ರತಿಶತ ತೋರಿಸುತ್ತಾ ಪ್ರೊಸೆಸರ್ 10, 20ರಲ್ಲಿ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನೂ ಹೇಳುತ್ತದೆ. ಅದರಲ್ಲಿ ಹಳದಿ ಎಚ್ಚರಿಕೆ ಬಂದಿದ್ದರೆ ಸ್ಲೋ ಆಗಿರುವುದಷ್ಟೇ ಅಲ್ಲ, ಡಿಸ್ಕ್ ಹಾಳಾಗುವ ದಾರಿಯಲ್ಲಿದೆ.

ರ‍್ಯಾಮ್ ಮಾತು ಇದರ ಜೊತೆಗೇ ಬರುತ್ತದೆ. 4 ಜಿಬಿಯಲ್ಲಿ ಇವತ್ತಿನ ಬ್ರೌಸರ್ ಒಂದೇ ಉಸಿರುಗಟ್ಟುತ್ತದೆ. 8 ಜಿಬಿ ಇದ್ದರೆ ಸಾಮಾನ್ಯ ಕೆಲಸ ನಡೆಯುತ್ತದೆ, 16 ಇದ್ದರೆ ಆರಾಮ. ಆದರೆ ಹಾಕಿಸುವ ಮುಂಚೆ ನಿಮ್ಮ ಮಾಡೆಲ್‌ನಲ್ಲಿ ಸ್ಲಾಟ್ ಇದೆಯಾ ನೋಡಬೇಕು. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಜಾಸ್ತಿ ಮಾಡುವ ಮಾತೇ ಇಲ್ಲ. ಇದರಲ್ಲೂ ತಲೆಮಾರುಗಳಿವೆ, ಡಿಡಿಆರ್3 ಇರುವ ಕಡೆ ಡಿಡಿಆರ್4 ಕೂರುವುದಿಲ್ಲ ಅನ್ನುವುದೂ ನೆನಪಿರಲಿ.

ಬ್ಯಾಟರಿ ಸವೆಯುವುದು ತಪ್ಪಲ್ಲ, ಅದು ಅದರ ಸ್ವಭಾವ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಸಲ ತುಂಬಿ ಖಾಲಿಯಾದಾಗಲೂ ಒಳಗಿನ ರಾಸಾಯನಿಕ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ, ಬಿಸಿಯಲ್ಲಿ ಇಟ್ಟಷ್ಟೂ ಬೇಗ. ಸಾಮಾನ್ಯ ಬ್ಯಾಟರಿಗಳು 300ರಿಂದ 500 ಪೂರ್ಣ ಸುತ್ತು, ಒಳ್ಳೆಯವು ಸುಮಾರು 1000 ಸುತ್ತು ಆದಮೇಲೆ ಮೊದಲಿನ ಶಕ್ತಿಯ 80 ಪ್ರತಿಶತಕ್ಕೆ ಇಳಿಯುತ್ತವೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಎರಡು ಅಂಕಿ ನೋಡಿ, ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಬದಲಾಯಿಸುವ ಕಾಲ ಬಂದಿದೆ. ಬ್ಯಾಟರಿ ಬದಲಾಯಿಸಬೇಕು ಅನ್ನುವ ಒಂದೇ ಕಾರಣಕ್ಕೆ ಲ್ಯಾಪ್‌ಟಾಪ್ ಬಿಡುವುದು, ಟೈರ್ ಸವೆಯಿತು ಅಂತ ಕಾರು ಮಾರಿದ ಹಾಗೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆ, ಕ್ಲಿಕ್ ಆಗುತ್ತಿಲ್ಲ, ಮೇಜಿನ ಮೇಲೆ ಇಟ್ಟರೆ ಅಲ್ಲಾಡುತ್ತದೆ ಅಂದರೆ ಒಳಗೆ ಬ್ಯಾಟರಿ ಅನಿಲ ತುಂಬಿಕೊಂಡು ಊದಿದೆ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಗೊತ್ತಿರುವವರ ಕೈಯಲ್ಲಿ ತೆಗೆಸಿ. ಅದು ಬೆಂಕಿ ಹೊತ್ತಿಕೊಳ್ಳಬಲ್ಲ ವಸ್ತು.

ಬಿಸಿ ಮತ್ತು ಫ್ಯಾನ್ ಸದ್ದಿಗೆ ಮದ್ದು ಇನ್ನೂ ಸುಲಭ. ವರ್ಷಗಳ ಧೂಳು ಬಿಸಿ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿ ಹಾಸಿದ ಹಾಗೆ ಕೂತಿರುತ್ತದೆ, ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಪ್ರೊಸೆಸರ್ 95, 100 ಡಿಗ್ರಿ ಮುಟ್ಟಿದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮಗೆ ಅದು "ಸ್ಲೋ" ಅಂತ ಕಾಣುತ್ತದೆ. ಬಿಚ್ಚಿ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿದರೆ ಮುಗಿಯಿತು.

ಕೀಬೋರ್ಡ್, ಸ್ಪೀಕರ್, ವೈಫೈ ಕಾರ್ಡ್ ಇವೂ ಬದಲಾಗುವ ಭಾಗಗಳೇ. ಕೀಬೋರ್ಡ್ ಮಾತ್ರ ಕೆಲವು ಮಾಡೆಲ್‌ಗಳಲ್ಲಿ ಮೇಲಿನ ಕವಚಕ್ಕೇ ಅಂಟಿಕೊಂಡು ಬರುವುದರಿಂದ ಖರ್ಚು ಏರುತ್ತದೆ, ಕೇಳಿಕೊಂಡು ಮುಂದುವರಿಯಿರಿ. ತಾತ್ಕಾಲಿಕವಾಗಿ ಯುಎಸ್‌ಬಿ ಕೀಬೋರ್ಡ್ ಹಾಕಿಕೊಂಡರೂ ಕೆಲಸ ನಡೆಯುತ್ತದೆ.

ಯೋಚನೆ ಮಾಡಿ ಇಳಿಯಬೇಕಾದವು

ಪ್ಯಾನೆಲ್, ಹಿಂಜ್ ಎರಡೂ ಈ ನಡುವಿನ ಗುಂಪಿಗೆ ಸೇರುತ್ತವೆ. ಸಾಮಾನ್ಯ 15.6 ಇಂಚಿನ ಫುಲ್ ಎಚ್‌ಡಿ ಪ್ಯಾನೆಲ್‌ಗಳು ಹಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಾಗುವುದರಿಂದ ಸುಲಭವಾಗಿ ಸಿಗುತ್ತವೆ. ಟಚ್ ಇರುವ, ಗಾಜು ಅಂಟಿಸಿದ, ಓಎಲ್ಇಡಿ ಪ್ಯಾನೆಲ್‌ಗಳಾದರೆ ಬೆಲೆ ನೋಡಿ ಎದೆ ಧಸಕ್ಕೆನ್ನಬಹುದು. ಹಿಂಜ್‌ನಲ್ಲಿ ಮುರಿಯುವುದು ಹೆಚ್ಚಾಗಿ ಲೋಹ ಅಲ್ಲ, ಅದರ ಸ್ಕ್ರೂ ಹಿಡಿದುಕೊಂಡ ಪ್ಲಾಸ್ಟಿಕ್. ಹಿಂಜ್ ಬಿಗಿಯಾಗುತ್ತಾ ಹೋಗಿ ಪ್ರತಿ ಸಲ ತೆರೆದಾಗಲೂ ಆ ಪ್ಲಾಸ್ಟಿಕ್ಕನ್ನು ಎಳೆಯುತ್ತಿರುತ್ತದೆ. ಬಿರುಕು ಚಿಕ್ಕದಿರುವಾಗಲೇ ಹಿಂಜ್ ಸಡಿಲ ಮಾಡಿಸಿದರೆ ಅಲ್ಲಿಗೇ ನಿಲ್ಲುತ್ತದೆ. ಬಿಟ್ಟರೆ ಕವಚ ಒಡೆದು, ಪರದೆ ಕೇಬಲ್ ಹರಿದು, ಕೊನೆಗೆ ಪ್ಯಾನೆಲ್‌ವರೆಗೂ ಹೋಗುತ್ತದೆ.

ಇನ್ನು ಮದರ್‌ಬೋರ್ಡ್. ನನ್ನ ಲೆಕ್ಕದಲ್ಲಿ ರಿಪೇರಿ ಮತ್ತು ಹೊಸದರ ನಡುವಿನ ಗಡಿ ಇದೇ. ಪ್ರೊಸೆಸರ್, ಗ್ರಾಫಿಕ್ಸ್, ಪವರ್ ಎಲ್ಲ ಇದರ ಮೇಲೇ ಇರುವುದರಿಂದ ಪೂರ್ತಿ ಬೋರ್ಡ್ ಬದಲಾಯಿಸುವುದು ಎಷ್ಟೋ ಸಲ ಅಂಥದ್ದೇ ಇನ್ನೊಂದು ಬಳಸಿದ ಲ್ಯಾಪ್‌ಟಾಪ್ ತಗೊಂಡಷ್ಟೇ ಖರ್ಚಾಗುತ್ತದೆ. ಆದರೆ "ಬೋರ್ಡ್ ಹೋಗಿದೆ" ಅನ್ನುವುದರಲ್ಲೂ ಬಗೆಬಗೆ ಇದೆ. ಚಾರ್ಜಿಂಗ್ ಜಾಕ್ ಸಡಿಲ ಆಗಿದ್ದರೆ ಅದು ಚಿಕ್ಕ ಕೆಲಸ, ಕೆಲವು ಮಾಡೆಲ್‌ಗಳಲ್ಲಿ ಜಾಕ್ ಬೇರೆ ಕೇಬಲ್ ಮೇಲೇ ಇರುತ್ತದೆ. ಕೆಪಾಸಿಟರ್ ಅನ್ನುವ ಒಂದು ಸಣ್ಣ ಬಿಡಿಭಾಗ ಶಾರ್ಟ್ ಆಗಿ ಇಡೀ ಬೋರ್ಡ್ ಸತ್ತ ಹಾಗೆ ಮಲಗಿರಬಹುದು, ಚಿಪ್ ಲೆವೆಲ್ ಕೆಲಸ ಚೆನ್ನಾಗಿ ಗೊತ್ತಿರುವವರು ಅದನ್ನು ಹುಡುಕಿ ತೆಗೆದು ಬೇರೆ ಹಾಕುತ್ತಾರೆ. ಇಂಥದ್ದಕ್ಕೆ ಒಪ್ಪಿಕೊಳ್ಳಬಹುದು.

ನಾನು ದೂರ ಇಡುವುದು ಎರಡನ್ನು. ಒಂದು, ಗ್ರಾಫಿಕ್ಸ್ ಚಿಪ್ಪನ್ನು ಬಿಸಿ ಮಾಡಿ "ರೀಫ್ಲೋ" ಮಾಡಿಕೊಡುತ್ತೇವೆ ಅನ್ನುವ ಮಾತು. ಕೆಲವು ವಾರ, ಕೆಲವು ತಿಂಗಳು ಕೆಲಸ ಮಾಡಿ ಹೆಚ್ಚಾಗಿ ಮತ್ತೆ ಅದೇ ಸ್ಥಿತಿಗೆ ಬರುತ್ತದೆ. ಎರಡು, ನೀರು ಬಿದ್ದು ಬಹಳ ದಿನ ಆದ ಬೋರ್ಡ್. ನೀರು ಒಣಗಿದರೂ ಅದು ಬಿಟ್ಟುಹೋದ ಉಪ್ಪು, ಸಕ್ಕರೆ ತಾಮ್ರದ ಗೆರೆಗಳನ್ನು ನಿಧಾನವಾಗಿ ತಿನ್ನುತ್ತಲೇ ಇರುತ್ತವೆ. ಬಿದ್ದ ದಿನವೇ ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಬೋರ್ಡ್ ತೊಳೆಸಿದ್ದರೆ ಬೇರೆ ಮಾತು. ತಿಂಗಳು ಬಿಟ್ಟು ತಂದದ್ದಾದರೆ ಇವತ್ತು ಒಂದು ಜಾಗ ಸರಿ ಮಾಡಿದರೆ ನಾಳೆ ಇನ್ನೊಂದು ಜಾಗ ಹೋಗುತ್ತದೆ.

ಯಂತ್ರ ಚೆನ್ನಾಗಿದ್ದರೂ ಸಾಫ್ಟ್‌ವೇರ್ ಕೈಬಿಟ್ಟರೆ?

ಈಗ ಎಷ್ಟೋ ಜನರನ್ನು ಹೊಸದರ ಕಡೆ ತಳ್ಳುತ್ತಿರುವುದು ಕೆಟ್ಟ ಭಾಗ ಅಲ್ಲ, ಇದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯವರಿಗಾಗಿ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆ ಒಂದನ್ನು ಕೊಟ್ಟರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಜೊತೆಗೆ ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರು ಅಥವಾ ಎಎಂಡಿ ರೈಜೆನ್ 2000 ಸರಣಿ, ಇಲ್ಲವೇ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಂದರೆ ಸುಮಾರು 2017ರ ಕೊನೆಗಿಂತ ಮುಂಚಿನ ಲ್ಯಾಪ್‌ಟಾಪ್‌ಗಳು ಹೊರಗೆ ಉಳಿಯುತ್ತವೆ. ಮ್ಯಾಕ್‌ಬುಕ್‌ನವರಿಗೂ ಇಂಥದ್ದೇ ಗಡಿ ಇದೆ. ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಕೊನೆಯ ಆವೃತ್ತಿ ಅಂತ ಆಪಲ್ ಹೇಳಿದೆ. ಮಾರಾಟ ನಿಲ್ಲಿಸಿ ಏಳು ವರ್ಷ ದಾಟಿದ ಮಾಡೆಲ್‌ಗಳಿಗೆ ಸಾಮಾನ್ಯವಾಗಿ ಆಪಲ್ ಬಿಡಿಭಾಗವನ್ನೂ ಕೊಡುವುದಿಲ್ಲ.

ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಅದರರ್ಥ ಯಂತ್ರವನ್ನು ಎಸೆಯಬೇಕು ಅಂತಲ್ಲ. ಬ್ರೌಸರ್, ಇಮೇಲ್, ಬರವಣಿಗೆ, ವಿಡಿಯೋ ಇಷ್ಟೇ ನಿಮ್ಮ ಕೆಲಸವಾದರೆ ಲಿನಕ್ಸ್ ಮಿಂಟ್ ಅಥವಾ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿ ನೋಡಿ. ಎರಡೂ ಉಚಿತ, ಅಪ್‌ಡೇಟ್ ಬರುತ್ತಿರುತ್ತದೆ. ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್ ಕೂಡ ಚೆನ್ನಾಗಿ ನಡೆಯುತ್ತದೆ. ವಿಂಡೋಸ್‌ನಲ್ಲೇ ನಡೆಯುವ ತಂತ್ರಾಂಶವೇ ಬೇಕು ಅನ್ನುವವರಿಗೆ ಮಾತ್ರ ಈ ದಾರಿ ಮುಚ್ಚಿದೆ. ಅಂಥವರು ಹಳೆ ಯಂತ್ರಕ್ಕೆ ದೊಡ್ಡ ಖರ್ಚು ಮಾಡುವ ಮುಂಚೆ ಎರಡು ಸಲ ಯೋಚಿಸಬೇಕು.

ದುಡ್ಡಿನ ಲೆಕ್ಕ

"ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಬಿಡು" ಅನ್ನುವ ಸೂತ್ರ ನೀವೂ ಕೇಳಿರುತ್ತೀರಿ. ತಪ್ಪೇನಲ್ಲ, ಆದರೆ ಅದರಲ್ಲಿ ವರ್ಷಗಳ ಲೆಕ್ಕವೇ ಇಲ್ಲ. ನಾನು ಹೀಗೆ ನೋಡುತ್ತೇನೆ. ನಿಮ್ಮ ಕೆಲಸಕ್ಕೆ ಸಾಕಾಗುವ ಹೊಸ ಲ್ಯಾಪ್‌ಟಾಪ್ ಬೆಲೆ 100 ಅಂತ ಇಟ್ಟುಕೊಳ್ಳಿ, ಅದು ಐದು ವರ್ಷ ಬರುತ್ತದೆ ಅಂದರೆ ವರ್ಷಕ್ಕೆ 20 ಬಿತ್ತು. ಎಸ್‌ಎಸ್‌ಡಿ ಮತ್ತು ಬ್ಯಾಟರಿ ಸೇರಿ 20 ಖರ್ಚಾಗಿ ಹಳೆಯದು ಇನ್ನೂ ಎರಡು ವರ್ಷ ನಡೆದರೆ ವರ್ಷಕ್ಕೆ 10. ರಿಪೇರಿಯೇ ಗೆದ್ದಿತು. ಅದೇ ಬೋರ್ಡ್‌ಗೆ 40 ಖರ್ಚು ಮಾಡಿ ಒಂದೇ ವರ್ಷ ನಡೆದರೆ ವರ್ಷಕ್ಕೆ 40 ಬಿತ್ತು. ಸೂತ್ರದ ಪ್ರಕಾರ 40 ಅನ್ನುವುದು ಅರ್ಧಕ್ಕಿಂತ ಕಡಿಮೆಯೇ ಅಲ್ವಾ? ಆದರೂ ಅದು ನಷ್ಟದ ವ್ಯವಹಾರ.

ಈ ಲೆಕ್ಕ ಹಾಕುವಾಗ ಕಳೆದ ತಿಂಗಳು ಹಾಕಿಸಿದ ಕೀಬೋರ್ಡ್ ದುಡ್ಡನ್ನು ತರಬೇಡಿ. "ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ" ಅನ್ನಿಸುವುದು ಸಹಜ, ಆದರೆ ಹೋದ ದುಡ್ಡು ಹೋಯಿತು. ಇವತ್ತಿನಿಂದ ಮುಂದಕ್ಕೆ ಎಷ್ಟು ಖರ್ಚು, ಎಷ್ಟು ವರ್ಷ, ಅಷ್ಟೇ. ಮುಂದೆ ಬರಲಿರುವುದನ್ನು ಮಾತ್ರ ಸೇರಿಸಿ. ಇವತ್ತು ಬ್ಯಾಟರಿ, ಆದರೆ ಹಿಂಜ್‌ನಲ್ಲೂ ಬಿರುಕಿದೆ, ರ‍್ಯಾಮ್ ಬೆಸುಗೆ ಹಾಕಿದ 4 ಜಿಬಿ ಅಂದರೆ ಮೂರನ್ನೂ ಒಟ್ಟಿಗೆ ನೋಡಬೇಕು. ಒಂದೊಂದಾಗಿ ನೋಡಿದರೆ ಪ್ರತಿಯೊಂದು ರಿಪೇರಿಯೂ ಸರಿ ಅನ್ನಿಸುತ್ತದೆ, ಒಟ್ಟು ಮಾಡಿದರೆ ಹೊಸದರ ಹತ್ತಿರ ಬಂದಿರುತ್ತದೆ.

ಹೋಲಿಕೆ ಯಾವುದರ ಜೊತೆ ಅನ್ನುವುದೂ ಮುಖ್ಯ. ಹೊಸದು ಅಂದ ಕೂಡಲೇ ಅಂಗಡಿಯಲ್ಲಿ ಹೊಳೆಯುವ ಮಾಡೆಲ್ ಕಣ್ಣ ಮುಂದೆ ಬರುತ್ತದೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಥರದ ಯಂತ್ರಗಳು ರಿಫರ್ಬಿಶ್ ಆಗಿ, ಅಂದರೆ ಸರಿಪಡಿಸಿಕೊಂಡು, ಮಾರಾಟಕ್ಕೆ ಬರುತ್ತವೆ. ಗಟ್ಟಿ ಮೈಕಟ್ಟು, ಬಿಚ್ಚಲು ಸುಲಭ, ಭಾಗಗಳು ಸಿಗುತ್ತವೆ. ಬೋರ್ಡ್ ಹೋದ ಮನೆಬಳಕೆ ಲ್ಯಾಪ್‌ಟಾಪ್‌ಗೆ ದೊಡ್ಡ ಮೊತ್ತ ಹಾಕುವ ಬದಲು ವಾರಂಟಿ ಇರುವ ಇಂಥದ್ದೊಂದು ತಗೊಳ್ಳುವುದು ನನಗೆ ಜಾಸ್ತಿ ಸರಿ ಅನ್ನಿಸುತ್ತದೆ. ವಿಂಡೋಸ್ 11ಕ್ಕೆ ಒಪ್ಪುವ ಪ್ರೊಸೆಸರಾ ಅಂತ ಒಮ್ಮೆ ನೋಡಿಕೊಂಡರಾಯಿತು. ಹೊಚ್ಚ ಹೊಸದನ್ನೇ ತಗೊಳ್ಳುವುದಾದರೆ ರ‍್ಯಾಮ್ ಸ್ಲಾಟ್ ಇದೆಯಾ, ಎಸ್‌ಎಸ್‌ಡಿ ಬದಲಾಗುತ್ತದಾ, ಬ್ಯಾಟರಿ ಸ್ಕ್ರೂನಿಂದ ಕೂತಿದೆಯಾ ಅಂಟಿಸಿದ್ದಾರಾ, ಇದನ್ನು ಇವತ್ತೇ ಕೇಳಿ. ಐದು ವರ್ಷದ ನಂತರ ಇದೇ ಪ್ರಶ್ನೆ ಮತ್ತೆ ಬಂದಾಗ ಉತ್ತರ ಅದರ ಮೇಲೇ ನಿಂತಿರುತ್ತದೆ.

ದುಡ್ಡಿನ ಆಚೆಗೂ ಒಂದು ಲೆಕ್ಕ ಇದೆ, ನಾನು ಅದನ್ನು ಬಿಡಲಾರೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು 22.3 ಪ್ರತಿಶತಕ್ಕೆ ಮಾತ್ರ. ಒಂದು ಲ್ಯಾಪ್‌ಟಾಪ್‌ನಿಂದ ಆಗುವ ಇಂಗಾಲದ ಮಾಲಿನ್ಯದಲ್ಲಿ ದೊಡ್ಡ ಪಾಲು ನಾವು ಅದನ್ನು ಆನ್ ಮಾಡುವ ಮೊದಲೇ, ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಲೆಕ್ಕ ಎರಡೂ ಕಡೆ ಸಮ ಬಂದಾಗ ನಾನು ರಿಪೇರಿ ಕಡೆ ವಾಲುವುದು ಇದಕ್ಕೇ.

ಬಿಡಲೇಬೇಕು ಅಂತ ತೀರ್ಮಾನ ಆದರೆ ಪೂರ್ತಿ ಬಿಡಬೇಡಿ. ಚೆನ್ನಾಗಿರುವ ಎಸ್‌ಎಸ್‌ಡಿಯನ್ನು ತೆಗೆದು ಒಂದು ಯುಎಸ್‌ಬಿ ಕೇಸ್‌ಗೆ ಹಾಕಿದರೆ ಅದೇ ನಿಮ್ಮ ಬ್ಯಾಕಪ್ ಡ್ರೈವ್. ಪರದೆ ಒಡೆದ ಲ್ಯಾಪ್‌ಟಾಪ್ ಮಾನಿಟರ್ ಜೊತೆ ಡೆಸ್ಕ್‌ಟಾಪ್ ಥರ ವರ್ಷಗಟ್ಟಲೆ ನಡೆಯುತ್ತದೆ. ಬೇರೆಯವರಿಗೆ ಕೊಡುವುದಾದರೆ ಖಾತೆಗಳಿಂದ ಸೈನ್ ಔಟ್ ಆಗಿ, ವಿಂಡೋಸ್ ರೀಸೆಟ್‌ನಲ್ಲಿ ಡ್ರೈವ್ ಕ್ಲೀನ್ ಮಾಡುವ ಆಯ್ಕೆ ಆರಿಸಿಕೊಳ್ಳಿ, ಬರೀ ಫೈಲ್ ಡಿಲೀಟ್ ಮಾಡಿದರೆ ಸಾಲದು. ಆನ್ ಆಗದ ಯಂತ್ರವಾದರೆ ಡಿಸ್ಕ್ ಬಿಚ್ಚಿಟ್ಟುಕೊಂಡೇ ಕೊಡಿ. ಉಳಿದದ್ದು ಇ-ತ್ಯಾಜ್ಯ ತಗೊಳ್ಳುವವರ ಕೈಗೆ ಹೋಗಲಿ, ಬ್ಯಾಟರಿಯನ್ನಂತೂ ಮನೆಯ ಕಸದ ಬುಟ್ಟಿಗೆ ಹಾಕಬೇಡಿ.